ಶ್ರವಣ ದ್ವಾದಶಿಯ ಎಳನೀರು

ಹವಾಲ್ದಾರರ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಜತೆಗಿದ್ದ ಇಬ್ಬರು ಪೇದೆಗಳು ಒಬ್ಬ ದಪ್ಪ ಮನುಷ್ಯನನ್ನು ಕೈಕಾಲು ಹಿಡಿದು ಹೊತ್ತು ತಂದು ನನ್ನ ಮೇಜಿನ ಮುಂದೆ ನೆಲಕ್ಕೆ ಕೆಡವಿದರು. ಕೆಡವಿದ್ದು ಸಾಲದೆಂದು ಒಬ್ಬ ಪೇದೆ ಅವನ ಪಕ್ಕೆಗೆ ಬೂಟುಗಾಲಿನಿಂದ ಒಂದು ಒದೆಯನ್ನೂ ಕೊಟ್ಟ.

"ದಾರೂ ಪಿಯೇಲಾ ಹೈ, ಡಾಕ್ಟರ್ ಸಾಬ್. ಮೇರಾ ನಾಕ್ ತೋಡಾ. ಸರ್ಟಿಫಿಕೇಟ್ ಪೇ ಸಹೀ ಮಾರೋ, ಲಾಕಪ್ ಮೇ ಡಾಲತೇ ಹೈ," ಎಂದರು ಹವಾಲ್ದಾರರು, ಕರವಸ್ತ್ರದಿಂದ ಮೂಗು ಒತ್ತಿಕೊಂಡು. ಕುಡಿದು ನನ್ನ ಮೂಗು ಒಡೆದಿದ್ದಾನೆ, ನೀವು ಸಹಿ ಹಾಕಿದರೆ ಒಳಗೆ ತಳ್ಳುತ್ತೇವೆ ಎಂದು.

ಮುಂಬಯಿಯಲ್ಲಿ ಆಗ ಪಾನನಿಷೇಧ ಜಾರಿಯಲ್ಲಿತ್ತು. ಬೀದಿಯಲ್ಲಿ ತೂರಾಡಿದವರನ್ನು ಪೊಲೀಸರು ನಮ್ಮ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ತರುವುದು, ಅಲ್ಲಿನ ಡಾಕ್ಟರ್ ಬಾಯಿಯ ವಾಸನೆ ನೋಡಿ, ಕಣ್ಣಿನ ಪಾಪೆ ನೋಡಿ, ಗೆರೆಯ ಮೇಲೆ ನಡೆಸಿ, ಕುಡಿದಿದ್ದಾನೆ ಎಂದೋ ಇಲ್ಲವೆಂದೋ ಬರೆದುಕೊಡುವುದು ದಿನನಿತ್ಯದ ಕೆಲಸ. ಧಾರವಾಡದಿಂದ ಬಂದು, ಡಾಕ್ಟರಿ ಓದಿ, ಬಡವರ ಜೀವ ಉಳಿಸುತ್ತೇನೆಂದು ಕನಸು ಕಂಡಿದ್ದ ನನಗೆ ಸಿಕ್ಕಿದ್ದು ಕುಡುಕರ ಬಾಯಿ ಮೂಸುವ ನೌಕರಿ. ಭಾದ್ರಪದದ ಆ ದಿನಗಳಲ್ಲಂತೂ ಊರೆಲ್ಲ ಗಣಪತಿಯ ಗದ್ದಲ; ಮೂಸಿ ಮೂಸಿ ನನ್ನ ಮೂಗೇ ಸತ್ತುಹೋಗಿತ್ತು.

ಬಾಗಿ ಮೂಸಿದೆ. ಕೊಳೆತ ಹಣ್ಣಿನ ವಾಸನೆ ಗಪ್ಪೆಂದು ಬಡಿಯಿತು. ಕಳ್ಳಭಟ್ಟಿಯವರು ಕೊಳೆತ ಹಣ್ಣು, ಬೆಲ್ಲ ಹಾಕಿಯೇ ಸಾರಾಯಿ ಇಳಿಸುತ್ತಿದ್ದರಾದ್ದರಿಂದ ಹವಾಲ್ದಾರರ ಮಾತು ಸುಳ್ಳೆನಿಸಲಿಲ್ಲ. ಲೇಖನಿಯ ಟೋಪಿ ಬಿಚ್ಚಿದೆ. ಅಷ್ಟರಲ್ಲಿ ವಾರ್ಡ್‌ಬಾಯ್ ಅವನ ಬಾಯಿಗೆ ಒಂದು ಲೋಟ ನೀರು ಹಿಡಿದ. ಆ ಮನುಷ್ಯ ಲೋಟವನ್ನು ಹಾರಿಹೋಗುವಂತೆ ಹೊಡೆದು, ವಾರ್ಡ್‌ಬಾಯಿಯ ಮುಂಗೈ ಕಚ್ಚಿ ಹಿಡಿದುಬಿಟ್ಟ. ಬಿಡಿಸಲು ಹೋದ ನನ್ನ ಹೊಟ್ಟೆಗೂ ಮೊಣಕಾಲಿನ ಏಟು ಬಿತ್ತು. ಪೇದೆ ಲಾಠಿಯಿಂದ ಅವನ ಭುಜಕ್ಕೆ ಬಾರಿಸಿದ ಮೇಲೆಯೇ ಹಲ್ಲು ಸಡಿಲಾಯಿತು.

"ನೀರು ಕೊಡ್ಬೇಡಿ ಮಾರಾಯ್ರೆ! ನನಗೆ ಇವತ್ತು ನೀರು ಆಗುದಿಲ್ಲ!" ಎಂದು ಕನ್ನಡದಲ್ಲಿ ಅರಚಿದ.

ಉಡುಪಿ ಕಡೆಯ ಕನ್ನಡ. ಕುಡುಕ ನೀರು ಬೇಡವೆನ್ನುವುದನ್ನು ನಾನು ಕಂಡಿರಲಿಲ್ಲ. ಆಗಲೇ ಅವನನ್ನು ಸರಿಯಾಗಿ ನೋಡಿದ್ದು. ತುಟಿ ಒಡೆದಿತ್ತು, ನಾಲಿಗೆ ಒಣಗಿ ಮರದ ಚಕ್ಕೆಯಾಗಿತ್ತು. ಕಿರುಚುವ ನಡುನಡುವೆ ತಿದಿ ಒತ್ತಿದ ಹಾಗೆ ಆಳವಾಗಿ, ಬಿಡುವಿಲ್ಲದೆ ಉಸಿರೆಳೆಯುತ್ತಿದ್ದ. ಸಾರಾಯಿ ಕುಡಿದವನು ಹಾಗೆ ಉಸಿರಾಡುವುದಿಲ್ಲ.

ಒದ್ದಾಟದಲ್ಲಿ ಅವನ ಪಂಚೆ ಒದ್ದೆಯಾಗಿತ್ತು. ನಾಚಿಕೆ ಬಿಟ್ಟು ಆ ಪಂಚೆಯ ಅಂಚನ್ನೇ ಗಾಜಿನ ನಳಿಕೆಯೊಳಗೆ ಹಿಂಡಿದೆ. ಬೆರಳಿಗೆ ಅಂಟು ಹತ್ತಿತು. ಸಕ್ಕರೆ ಪರೀಕ್ಷೆಯ ನೀಲಿ ದ್ರಾವಣದಲ್ಲಿ ನಾಲ್ಕು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿದೆ. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಇಟ್ಟಿಗೆಯ ಕೆಂಪಾಯಿತು. ಇನ್ನೊಂದು ನಳಿಕೆಯಲ್ಲಿ ಕೊಬ್ಬು ಉರಿದು ಉಳಿದ ಆಮ್ಲದ ಪರೀಕ್ಷೆ ಮಾಡಿದೆ, ಗಾಢ ನೇರಳೆ. ಕೊಳೆತ ಹಣ್ಣಿನ ವಾಸನೆಯ ಗುಟ್ಟು ಅದೇ. ಇದು ಸಾರಾಯಿಯ ಅಮಲಲ್ಲ, ಸಕ್ಕರೆ ಕಾಯಿಲೆ ಕೆರಳಿದ್ದು. ಲಾಕಪ್ಪಿಗೆ ಹಾಕಿದರೆ ಬೆಳಗಾಗುವುದರೊಳಗೆ ಸಾಯುವ ಮನುಷ್ಯ.

"ಇವನು ಕುಡಿದಿಲ್ಲ. ಸಹಿ ಮಾಡೂದಿಲ್ಲ," ಎಂದೆ ಹಿಂದಿಯಲ್ಲಿ.

"ಹಾಗಾದರೆ ನನ್ನ ಮೂಗು?" ಎಂದು ಹವಾಲ್ದಾರರು ಮೇಜು ಗುದ್ದಿದರು. ಮಸಿಯ ದೌತಿ ಉರುಳಿತು. ಪೇದೆ ಮತ್ತೆ ಲಾಠಿ ಎತ್ತಿದ. ಸಿಟ್ಟು ನನಗೆ ಹುಟ್ಟಿನಿಂದಲೂ ಮೂಗಿನ ತುದಿಯಲ್ಲೇ. ಎತ್ತಿದ ಲಾಠಿಯನ್ನು ಹಿಡಿದೆಳೆದು ಪೇದೆಯನ್ನು ಗೋಡೆಗೆ ನೂಕಿದೆ. ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಕೊನೆಗೆ ಹವಾಲ್ದಾರರ ಮೂಗಿಗೆ ನಾನೇ ಹತ್ತಿ ತುರುಕಿ, ರೋಗಿ ಗುಣವಾದ ಮೇಲೆ ಬಂದು ಕೇಳಿ ಎಂದು ಅವರನ್ನು ಸಾಗಹಾಕಿದೆ.

ರೋಗಿಯನ್ನು ವಾರ್ಡಿಗೆ ಸಾಗಿಸುವ ಹೊತ್ತಿಗೆ ಅವನ ಹೆಂಡತಿಯ ತಮ್ಮ ಓಡಿಬಂದ. ರೋಗಿ ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನ ಅಡುಗೆ ಭಟ್ಟರೆಂದೂ, ಈ ಮೈದುನ ಅಲ್ಲೇ ಸಪ್ಲೈಯರ್ ಎಂದೂ ಆಗ ಗೊತ್ತಾಯಿತು. ಭಟ್ಟರು ಕೆಲಸಕ್ಕೆಂದು ಬಂದು, ಬಾಗಿಲಲ್ಲೇ ತೂರಾಡಿ, ತಡೆದ ಹವಾಲ್ದಾರರ ಮುಖಕ್ಕೆ ಗುದ್ದಿದ್ದರಂತೆ.

"ಇನ್ಸುಲಿನ್ ತಗೋತಿದ್ರೇನು?" ಎಂದು ಕೇಳಿದೆ.

"ದಿನಾ ತೆಗೊಳ್ತಾರೆ. ಇವತ್ತು ತೆಗೊಳ್ಳಲಿಲ್ಲ, ನಿನ್ನೆಯೂ ಇಲ್ಲ. ನಿನ್ನೆ ಏಕಾದಶಿ, ಇವತ್ತು ಶ್ರವಣ ದ್ವಾದಶಿ ಅಲ್ವಾ? ದ್ವಾದಶಿಗೆ ಶ್ರವಣ ನಕ್ಷತ್ರ ಕೂಡಿದ್ರೆ ಆ ದಿನವೂ ಉಪವಾಸ. ಎರಡು ದಿನವೂ ಭಾವ ನೀರು ಸಹಿತ ಮುಟ್ಟುದಿಲ್ಲ."

"ಊಟ ಬಿಟ್ರೆ ಬಿಡ್ಲಿ, ಸೂಜಿ ಯಾಕ್ ಬಿಟ್ರು?"

"ನಿಮ್ಮ ಆಸ್ಪತ್ರೆಯ ಡಾಕ್ಟ್ರೇ ಹೇಳಿದ್ದು! ಉಪವಾಸ ಇದ್ದು ಸೂಜಿ ಚುಚ್ಚಿಕೊಂಡ್ರೆ ಸಾಯ್ತೀರಿ ಅಂತ. ಅದಕ್ಕೇ ಉಪವಾಸದ ದಿನ ಸೂಜಿ ಇಲ್ಲ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಉಪವಾಸ ಮಾಡಬೇಡಿ ಎಂಬುದಕ್ಕೆ ಡಾಕ್ಟರು ಹಾಗೆ ಹೆದರಿಸಿದ್ದರು. ಉಪವಾಸ ಬಿಡುವುದೆಂಬುದು ಭಟ್ಟರ ಮನಸ್ಸಿಗೆ ಬರುವ ವಿಷಯವೇ ಅಲ್ಲ. ಹಾಗಾಗಿ ಅವರು ಸೂಜಿ ಬಿಟ್ಟರು. ಒಂದು ದಿನದ ಏಕಾದಶಿಗಳನ್ನು ಹೇಗೋ ದಾಟಿದ್ದರು. ಬೆನ್ನಿಗೇ ಶ್ರವಣ ಬಂದ ಈ ಸಲ ದೇಹ ತಿರುಗಿಬಿತ್ತು.

ಮಂಚಕ್ಕೆ ಮಲಗಿಸಿ, ಚಾದರಗಳನ್ನು ಹುರಿ ಮಾಡಿ ಕೈಕಾಲು ಕಟ್ಟಿದೆವು. ಇನ್ಸುಲಿನ್ ಅರ್ಧ ನರಕ್ಕೆ, ಅರ್ಧ ಚರ್ಮದಡಿಗೆ ಚುಚ್ಚಿದೆ. ಮೊಣಕೈಯ ನರದಲ್ಲಿ ಸೂಜಿ ಕೂಡಿಸಿ ಸಲೈನ್ ಹಚ್ಚಿದೆ. ಭಟ್ಟರು ಕಟ್ಟು ಹರಿದು ಸೂಜಿ ಕಿತ್ತರು. ಬಾಟಲಿ ಬಿದ್ದು ಚೂರಾಯಿತು, ಸಿಸ್ಟರಿನ ಬಿಳಿ ಏಪ್ರನ್ನಿನ ತುಂಬ ರಕ್ತ. ಮತ್ತೆ ಕೂಡಿಸಿದೆ, ಮತ್ತೆ ಕಿತ್ತರು. ಮೂರನೆಯ ಸಲ ಮೈದುನ ಅವರ ತೋಳಿನ ಮೇಲೆ ಕುಳಿತುಬಿಟ್ಟ. ನರಕ್ಕೆ ನೀರು ಹೋದರೆ ವ್ರತಕ್ಕೆ ಭಂಗವಲ್ಲವೇ ಎಂದು ಕೆಣಕಿದೆ. "ಬಾಯಿಗೆ ಹಾಕಿದ್ದಲ್ಲವಲ್ಲ," ಎಂದ ಗಂಭೀರವಾಗಿ.

ಗಂಟೆಗಂಟೆಗೂ ರಬ್ಬರ್ ನಳಿಕೆಯಿಂದ ಮೂತ್ರ ತೆಗೆದು ಕುದಿಸಿದೆ. ಇಟ್ಟಿಗೆಗೆಂಪು ಹಳದಿಗೆ ಇಳಿಯಿತು, ಹಳದಿ ಹಸಿರಿಗೆ. ತಿದಿಯ ಉಸಿರು ತಗ್ಗಿತು. ಸಂಜೆಯಾಗುವ ಮುನ್ನ ಭಟ್ಟರು ಕಣ್ಣು ಬಿಟ್ಟು, "ಅನಂತ," ಎಂದು ಮೈದುನನನ್ನು ಹೆಸರು ಹಿಡಿದು ಕರೆದರು. ನಾನು ಗೆದ್ದೆ ಎಂದುಕೊಂಡೆ. ಸಿಸ್ಟರ್ ನನಗೆ ಚಹಾ ತರಿಸಿದರು.

ಚಹಾದ ಬಟ್ಟಲು ಕೈಯಲ್ಲಿರುವಾಗಲೇ ಭಟ್ಟರ ನಾಡಿ ಹಿಡಿದೆ. ನಾಡಿ ಎರಡು ಬಡಿದು ಒಂದು ತಪ್ಪಿತು. ಆಮೇಲೆ ನಾಲ್ಕು ಒಟ್ಟಿಗೆ ಮುಗ್ಗರಿಸಿ ಓಡಿ ಬಂದವು. "ಕೈ ಎತ್ತ್ರಿ ಭಟ್ರ," ಎಂದೆ. ಬೆರಳು ಅಲ್ಲಾಡಿತು, ಕೈ ಏಳಲಿಲ್ಲ. ಮಧ್ಯಾಹ್ನ ಮೂವರನ್ನು ಗುದ್ದಿ, ಕಚ್ಚಿ, ಒದ್ದಿದ್ದ ಮನುಷ್ಯನಿಗೆ ಈಗ ದಿಂಬಿನಿಂದ ತಲೆ ಎತ್ತಲಾಗುತ್ತಿರಲಿಲ್ಲ. ಉಸಿರು ಮೇಲುಮೇಲಕ್ಕೆ ಬಂದು, ನೀರಿನಿಂದ ತೆಗೆದ ಮೀನಿನ ಬಾಯಿಯಂತೆ ಅವರ ಬಾಯಿ ತೆರೆದು ಮುಚ್ಚುತ್ತಿತ್ತು.

ಇಸಿಜಿ ಯಂತ್ರವನ್ನು ಗಾಡಿಯ ಮೇಲೆ ತಳ್ಳಿಸಿಕೊಂಡು ಬಂದೆ. ಆರೋಗ್ಯವಂತ ಹೃದಯದ ಒಂದೊಂದು ಬಡಿತಕ್ಕೂ ಕಾಗದದ ಮೇಲೆ ಒಂದು ಸಣ್ಣ ಉಬ್ಬು, ಒಂದು ಚೂಪು ಶಿಖರ, ಆಮೇಲೆ ಒಂದು ದುಂಡನೆಯ ದಿಣ್ಣೆ ಮೂಡುತ್ತವೆ. ಭಟ್ಟರ ಕಾಗದದಲ್ಲಿ ಆ ದಿಣ್ಣೆ ಸವೆದು ಸಪಾಟಾಗಿತ್ತು. ನಡುನಡುವೆ ಅಗಲವಾದ, ವಿಕಾರವಾದ ಬಡಿತಗಳು ಸರದಿ ಮುರಿದು ನುಗ್ಗಿದ್ದವು.

ನನ್ನ ಮೇಲಿನ ಡಾಕ್ಟರಾದ ಪಾರ್ಸಿ ರಿಜಿಸ್ಟ್ರಾರ್ ರೌಂಡ್ಸಿಗೆ ಬಂದವರು ಕಾಗದ ನೋಡಿ, "ಹೃದಯ ಸೋಲುತ್ತಿದೆ. ಡಿಜಿಟಾಲಿಸ್ ಕೊಡು," ಎಂದರು. ನಾಡಿ ತಪ್ಪಿದ ಹೃದಯಕ್ಕೆ ಆಗ ನಾವೆಲ್ಲ ಕೊಡುತ್ತಿದ್ದ ಮದ್ದು ಅದು. ಸಿಸ್ಟರ್ ಆಗಲೇ ಆಂಪೂಲಿನ ಕುತ್ತಿಗೆ ಮುರಿದರು.

ನಾನು ಮದ್ದು ತುಂಬಿದ ಸಿರಿಂಜ್ ಹಿಡಿದು ನಿಂತೆ. ಓದಿದ್ದು ತಲೆಯಲ್ಲಿ ತಿರುಗುತ್ತಿತ್ತು. ಹೃದಯದ ಜೀವಕೋಶಕ್ಕೆ ದುಡಿಯಲು ಉರುವಲು ಬೇಕು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ದಂಡಿಯಾಗಿರುತ್ತದೆ, ಆದರೆ ಇನ್ಸುಲಿನ್ ಇಲ್ಲದೆ ಅದು ಕೋಶದ ಬಾಗಿಲು ದಾಟುವುದಿಲ್ಲ. ಕಡಲೆ ಇದ್ದವನಿಗೆ ಹಲ್ಲಿಲ್ಲ. ಆಗ ಹೃದಯ ಬರೀ ಕೊಬ್ಬನ್ನು ಉರಿಸುತ್ತ ದುಡಿಯುತ್ತದೆ. ಅದೇ ಕೆಲಸಕ್ಕೆ ಹೆಚ್ಚು ಪ್ರಾಣವಾಯು ಬೇಕು, ದಣಿವೂ ಹೆಚ್ಚು. ಅತ್ತ ಪೊಟ್ಯಾಸಿಯಂ ಎಂಬ ಲವಣ ಕೋಶಗಳಿಂದ ಸೋರಿ ಎರಡು ದಿನ ಮೂತ್ರದಲ್ಲಿ ಹರಿದುಹೋಗಿರುತ್ತದೆ. ಈಗ ನಾನು ಧಾರಾಳವಾಗಿ ಇನ್ಸುಲಿನ್ ಸುರಿದು ಬಾಗಿಲು ತೆರೆದಿದ್ದೆ. ಸಕ್ಕರೆ ಒಳಗೆ ನುಗ್ಗುವಾಗ ರಕ್ತದಲ್ಲಿ ಉಳಿದಿದ್ದ ಚೂರುಪಾರು ಪೊಟ್ಯಾಸಿಯಮ್ಮನ್ನೂ ಎಳೆದುಕೊಂಡು ಹೋಗಿತ್ತು. ಕೋಶದ ಹೊರಗೂ ಒಳಗೂ ಆ ಲವಣ ಹದವಾಗಿದ್ದರೆ ಮಾತ್ರ ಹೃದಯಕ್ಕೆ ತಾಳ. ಸಪಾಟಾದ ದಿಣ್ಣೆ ಹೇಳುತ್ತಿದ್ದುದು ಅದನ್ನೇ. ಇಂಥ ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರೆ ಕೊಂದ ಹಾಗೆ.

"ಕೊಡುವುದಿಲ್ಲ ಸರ್," ಎಂದೆ. "ಇದು ಪೊಟ್ಯಾಸಿಯಂ ಕೊರತೆ."

"ಅಳೆದು ನೋಡಿದೆಯಾ?"

ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅಷ್ಟರಲ್ಲಿ ಗಣಪತಿ ಮೆರವಣಿಗೆಯಲ್ಲಿ ಲಾರಿಯಡಿ ಸಿಕ್ಕವರನ್ನು ತಂದರೆಂದು ಕರೆ ಬಂತು. "ನಿನ್ನಿಷ್ಟ. ಆದರೆ ಇವನು ಸತ್ತರೆ ಬೆಳಿಗ್ಗೆ ದೊಡ್ಡ ಡಾಕ್ಟರ ಮುಂದೆ ನೀನೇ ನಿಲ್ಲಬೇಕು," ಎಂದು ಹೇಳಿ ಅವರು ಓಡಿದರು. ಸಿರಿಂಜಿನಲ್ಲಿದ್ದುದನ್ನು ತೊಟ್ಟಿಗೆ ಚಿಮ್ಮಿದೆ.

ನರಕ್ಕೆ ಕೊಡುವ ಪೊಟ್ಯಾಸಿಯಂ ನಮ್ಮ ಆಸ್ಪತ್ರೆಯಲ್ಲಿರಲಿಲ್ಲ. ಇದ್ದಿದ್ದರೂ ಅಳತೆಯಿಲ್ಲದೆ ಹಾಕುವ ಧೈರ್ಯ ನನಗಿರಲಿಲ್ಲ, ಹೆಚ್ಚಾದರೆ ಹೃದಯ ನಿಂತೇಹೋಗುತ್ತದೆ. ಇದ್ದದ್ದು ಉರಿಮೂತ್ರಕ್ಕೆ ಕೊಡುವ ಪೊಟ್ಯಾಸಿಯಂ ಸಿಟ್ರೇಟಿನ ಮಿಕ್ಸ್ಚರ್. ಔಷಧಕ್ಕೆ ದೋಷವಿಲ್ಲವೆಂದು ಮೈದುನ ಒಪ್ಪಿದ. ತಲೆ ಎತ್ತಿ ಹಿಡಿದು ಚಮಚದಲ್ಲಿ ಕುಡಿಸಿದೆವು. ಭಟ್ಟರು ಅದಷ್ಟನ್ನೂ ನನ್ನ ಅಂಗಿಯ ಮೇಲೆ ಕಾರಿದರು. ಇನ್ನೊಮ್ಮೆ ಕೊಟ್ಟೆ. ಅದೂ ಹೊರಗೆ ಬಂತು, ಉಸಿರುಕಟ್ಟಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು.

ಆಗ ಎಳನೀರು ಹೊಳೆಯಿತು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಹೊಟ್ಟೆಗೂ ಹಗುರ. ಅದರಲ್ಲಿರುವ ಅಷ್ಟಿಷ್ಟು ಸಕ್ಕರೆ ಈಗ ಬೇಕಾದದ್ದೇ, ಮೂತ್ರದ ಸಕ್ಕರೆ ಇಳಿದಿತ್ತಲ್ಲ. ವಾರ್ಡ್‌ಬಾಯ್ ಕಚ್ಚಿಸಿಕೊಂಡ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಗೇಟಿನ ಹೊರಗಿನ ಗಾಡಿಯಿಂದ ಒಂದು ಗೊಂಚಲು ಹೊತ್ತು ತಂದ.

ಮೈದುನ ಅದನ್ನು ಕಂಡದ್ದೇ ಮಂಚಕ್ಕೆ ಅಡ್ಡ ನಿಂತ. "ಎಂತದು ಇದು? ಸಕ್ಕರೆ ಕಾಯಿಲೆಯವರಿಗೆ ಎಳನೀರಾ? ಅದೂ ಇವತ್ತು?"

"ಇದು ಔಷಧನ್ರಿ."

"ಎಳನೀರು ಎಳನೀರೇ ಡಾಕ್ಟ್ರೇ. ನಾಳೆ ಸೂರ್ಯೋದಯಕ್ಕೆ ಪಾರಣೆ. ಆಮೇಲೆ ಎಷ್ಟು ಬೇಕಾದ್ರೂ ಕೊಡಿ."

"ನಾಳೆ ಸೂರ್ಯ ಹುಟ್ಟೂತನಾ ಇವರು ಇರೂದಿಲ್ಲ!"

ಭಟ್ಟರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. "ಬೇಡ," ಎಂದರು. ಧ್ವನಿ ಗಂಟಲಲ್ಲೇ ಉಳಿಯಿತು. "ಇಪ್ಪತ್ತು ವರ್ಷದ ವ್ರತ. ಹೋದ್ರೆ ಹೋಗ್ಲಿ ಜೀವ. ಬೇಡ."

ಅತ್ತ ದರಿ, ಇತ್ತ ಪುಲಿ. ಬುದ್ಧಿ ಸ್ವಾಧೀನದಲ್ಲಿರುವ ಮನುಷ್ಯ ಬೇಡವೆನ್ನುತ್ತಿದ್ದಾನೆ. ನಾನು ಬೇಡಿಕೊಂಡೆ, ಬೈದೆ, ನಿಮ್ಮ ದೇವರು ಇಷ್ಟು ಕಟುಕನೇನ್ರಿ ಎಂದೂ ಕೇಳಿದೆ. ಆ ಮಾತು ಮುಗಿಯುವ ಮುನ್ನ ಬೆರಳಡಿಯ ನಾಡಿ ಒಮ್ಮೆಗೇ ಓಡತೊಡಗಿತು, ದಾರದಷ್ಟು ಸಣ್ಣಗಾಯಿತು, ಮಾಯವಾಯಿತು. ಭಟ್ಟರ ಮುಖ ಬೂದಿಯಾಯಿತು. ಕಣ್ಣುಗುಡ್ಡೆ ತಿರುಗಿ, ಮೈ ಒಮ್ಮೆ ಬಿಲ್ಲಿನಂತೆ ಸೆಟೆದು ಸಡಿಲಾಯಿತು.

ಮುಂದೆ ಮಾಡಿದ್ದು ವಿದ್ಯೆಯೋ ಸಿಟ್ಟೋ ಇಂದಿಗೂ ತಿಳಿಯದು. ಮುಷ್ಟಿ ಬಿಗಿದು ಅವರ ಎದೆಯ ನಡುವೆ ಬಲವೆಲ್ಲ ಬಿಟ್ಟು ಗುದ್ದಿದೆ. ಇನ್ನೊಮ್ಮೆ ಗುದ್ದಿದೆ. ಒಳಗೆ ಪಕ್ಕೆಲುಬು ಲಟಕ್ಕೆಂದಿತು. "ಕೊಂದ! ಭಾವನನ್ನು ಕೊಂದ!" ಎಂದು ಮೈದುನ ನನ್ನ ಬೆನ್ನ ಮೇಲೆ ಬಿದ್ದ, ಕುತ್ತಿಗೆ ಹಿಸುಕಿದ, ಕಿವಿಯ ಮೇಲೆ ಬಡಿದ. ಅವನನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮೂರನೆಯ ಗುದ್ದು ಕೊಟ್ಟೆ. ಭಟ್ಟರು ಒಂದು ದೊಡ್ಡ ಉಸಿರೆಳೆದರು. ನಾಡಿ ಮರಳಿತು, ಕುಂಟುತ್ತ.

ಮೈದುನ ಜಾರಿ ನೆಲಕ್ಕೆ ಕುಳಿತ. ನಾನು ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿದೆ. "ಇನ್ನೊಮ್ಮೆ ಹಿಂಗಾದ್ರೆ ಇವರು ತಿರುಗಿ ಬರೂದಿಲ್ಲ. ನಿಮ್ಮ ಅಕ್ಕನಿಗೆ ಏನ್ ಹೇಳ್ತೀರಿ?" ಎಂದೆ.

ಅವನು ಅಳುತ್ತ, "ಪಾಪ ನಿಮಗೇ ಇರ್ಲಿ," ಎಂದ.

"ಇರ್ಲಿ. ಕೊಡ್ರಿ ಇತ್ತ."

ಅವನೇ ಎಳನೀರು ಕೆತ್ತಿದ. ನಾನು ರಬ್ಬರ್ ನಳಿಕೆಗೆ ಗ್ಲಿಸರಿನ್ ಸವರಿ ಭಟ್ಟರ ಮೂಗಿನಲ್ಲಿ ತೂರಿಸಿದೆ. ಅವರಿಗೆ ಅರಿವು ಬಂದಿತ್ತು. ನಾನೇನು ಮಾಡುತ್ತಿದ್ದೇನೆಂದು ತಿಳಿದು ಮುಖ ತಿರುಗಿಸಲು ಹೆಣಗಿದರು. ಬೇಡವೆಂದು ತಲೆಯಾಡಿಸುವಷ್ಟು ಬಲವೂ ಆ ಕುತ್ತಿಗೆಯಲ್ಲಿರಲಿಲ್ಲ. ಕಣ್ಣುಗಳಿಂದ ನೀರು ಕಿವಿಗೆ ಇಳಿಯಿತು. ನಾನು ನಿಲ್ಲಿಸಲಿಲ್ಲ. ಅಂದು ಆ ವಾರ್ಡಿನಲ್ಲಿ ಬಿದ್ದ ಏಟುಗಳೆಲ್ಲ ಒಂದು ತೂಕವಾದರೆ, ಕೈಲಾಗದೆ ಬಿದ್ದ ಮನುಷ್ಯನ ಮೇಲೆ ನಾನು ಮಾಡಿದ ಈ ಬಲಾತ್ಕಾರವೇ ಒಂದು ತೂಕ. ನನಗೆ ಅಳು ಬಂತು, ಅತ್ತುಬಿಟ್ಟೆ.

ನಳಿಕೆಯ ತುದಿ ಹೊಟ್ಟೆಯಲ್ಲೇ ಇದೆಯೆಂದು ಖಚಿತ ಮಾಡಿಕೊಂಡು, ಎಳನೀರನ್ನು ಸಣ್ಣ ಆಲಿಕೆಯಿಂದ ತಡೆತಡೆದು ಬಿಟ್ಟೆ. ಇನ್ಸುಲಿನ್ನಿನ ಮುಂದಿನ ಸೂಜಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿದೆ. ಎಳನೀರು ಹೊಟ್ಟೆಯಲ್ಲಿ ನಿಂತಿತು. ಆಮೇಲೆ ಅದರಲ್ಲೇ ಸಿಟ್ರೇಟ್ ಮಿಕ್ಸ್ಚರನ್ನೂ ತೆಳುವಾಗಿ ಬೆರೆಸಿದೆ, ಅದೂ ನಿಂತಿತು. ಮತ್ತೆ ಮತ್ತೆ ಇಸಿಜಿ ತೆಗೆದೆ. ಬೆಳಗಿನ ಜಾವದ ಕಾಗದದಲ್ಲಿ ಸಪಾಟು ಗೆರೆ ತುಸು ಉಬ್ಬಿದಂತೆ ಕಂಡಿತು. ನನ್ನ ಆಸೆಗಣ್ಣಿಗೆ ಹಾಗೆ ಕಾಣುತ್ತಿದೆಯೇನೋ ಎಂದು ಸಿಸ್ಟರಿಗೂ ತೋರಿಸಿದೆ. "ದಿಣ್ಣೆ ಬಂದಿದೆ ಡಾಕ್ಟ್ರೇ," ಎಂದರು.

ಹೊತ್ತು ಹುಟ್ಟಿದ ಮೇಲೆ ರಿಜಿಸ್ಟ್ರಾರ್ ಬಂದು ಕಾಗದಗಳನ್ನು ಸಾಲಾಗಿ ಮಂಚದ ಮೇಲೆ ಹರಡಿ ನೋಡಿದರು. ನನ್ನ ಬೆನ್ನು ತಟ್ಟಿ, ಮೈದುನ ಬಡಿದು ಊದಿಸಿದ್ದ ನನ್ನ ಕಿವಿಗೆ ಐಸ್ ಇಟ್ಟುಕೊಳ್ಳಲು ಹೇಳಿ ಹೋದರು.

ನಾನು ಭಟ್ಟರ ಬಳಿ ಹೋದೆ. ಮೂಗಿನ ನಳಿಕೆ ತೆಗೆದಾಗಿತ್ತು. ಅವರು ಗೋಡೆಗೆ ಒರಗಿ ಕುಳಿತಿದ್ದರು, ತಾವಾಗಿಯೇ ಎದ್ದು ಕುಳಿತರಂತೆ.

"ಎದೆಗೆ ಗುದ್ದಿದ್ದು ನೀವೇಯಾ?"

"ಹೌದ್ರಿ. ಪಕ್ಕೆಲುಬು ಮುರದದ. ಕೂಡ್ತದ, ಚಿಂತಿ ಮಾಡಬ್ಯಾಡ್ರಿ."

"ಅದು ಅಡ್ಡಿಯಿಲ್ಲ. ಜೀವ ಉಳಿಸ್ಲಿಕ್ಕೆ ಗುದ್ದಿದ್ದು." ಭಟ್ಟರು ಕೈಬೆರಳಿನಿಂದ ಹತ್ತಿರ ಬನ್ನಿ ಎಂದು ಕರೆದರು. ಗುಟ್ಟೇನೋ ಹೇಳುವರೆಂದು ನಾನು ಬಾಗಿದೆ. "ನಾನು ಬೇಡ ಅಂದಿದ್ದು ನಿಮಗೆ ಕೇಳ್ಲಿಲ್ವಾ?"

"ಕೇಳಿತ್ರಿ."

ಹಿಟ್ಟು ರುಬ್ಬಿ ಗಟ್ಟಿಯಾದ ಕೈ ಮೇಲೆದ್ದು, ಬೀಸಿ ಬಂದು ನನ್ನ ಕೆನ್ನೆಗೆ ಅಪ್ಪಳಿಸಿತು. ವಾರ್ಡೆಲ್ಲ ತಿರುಗಿ ನೋಡಿತು. ಕಣ್ಣಿಗೆ ಕತ್ತಲೆ ಬಂದು ಮಂಚದ ಸರಳು ಹಿಡಿದುಕೊಂಡೆ. ಮೈದುನ "ಅಯ್ಯೋ ಭಾವ!" ಎಂದು ಚೀರಿದ, ಸಿಸ್ಟರ್ ಓಡಿಬಂದರು.

ನಾನು ಎಲ್ಲರನ್ನೂ ಕೈಸನ್ನೆಯಿಂದ ತಡೆದೆ. ನಗು ತಡೆಯಲಾಗದೆ ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಹಿಂದಿನ ಸಂಜೆ ಬೆರಳಿಗಿಂತ ಹೆಚ್ಚು ಏಳದಿದ್ದ ಕೈ ಅದು. ಅದು ಮತ್ತೆ ಇಳಿಯುವ ಮೊದಲೇ ಗಪ್ಪನೆ ಹಿಡಿದುಕೊಂಡೆ. ಇನ್ನೊಂದು ಏಟು ತಪ್ಪಿಸಿಕೊಳ್ಳಲೆಂದು ಭಟ್ಟರು ತಿಳಿದರು. ನಾನು ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡುತ್ತಿದ್ದೆ. ಸಿಟ್ಟಿಗೆ ಜೋರಾಗಿಯೇ ಬಡಿಯುತ್ತಿತ್ತು, ಆದರೆ ಒಂದೂ ತಪ್ಪಲಿಲ್ಲ.